ಕೊಪಣ: ಹಲವು ದೊರೆಗಳನ್ನು ಕಂಡ ಊರು

ಯೂರೋಪು ಖಂಡದ ಏಡ್ರಿಯಾಟಿಕ್ ಸಮುದ್ರದ ಪೂರ್ವತೀರದಲ್ಲಿ ಜಾದರ್ ಎಂಬ ಪಟ್ಟಣವೊಂದುಂಟು. ಇಟಲಿಯವರು ಅದನ್ನು ಜಾರಾ ಎಂದು ಕರೆಯುತ್ತಿದ್ದರು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅದು ರೋಮನರ ಊರು. ೧೨೦೨ರಲ್ಲಿ ಧರ್ಮಯುದ್ಧಕ್ಕೆಂದು ಹೊರಟ ಕ್ರೈಸ್ತ ಸೇನೆಯು, ವೆನಿಸ್ ನಗರದವರಿಗೆ ಕೊಡಬೇಕಾಗಿದ್ದ ಹಡಗುಗಳ ಸಾಲದ ಹಂಗಿನಲ್ಲಿ ಸಿಕ್ಕಿಬಿದ್ದು, ಕ್ರೈಸ್ತರದೇ ಆದ ಈ ಪಟ್ಟಣವನ್ನು ಮುತ್ತಿ ಸೂರೆಮಾಡಿತು. ೧೪೦೯ರಲ್ಲಿ ನೇಪಲ್ಸಿನ ಅರಸನು ಆ ಸೀಮೆಯ ಮೇಲೆ ತನಗಿದ್ದ ಹಕ್ಕನ್ನು ಒಂದು ಲಕ್ಷ ಡುಕಾಟ್ ನಾಣ್ಯಗಳಿಗೆ ವೆನಿಸಿಗೆ ಮಾರಿದನು. ೧೭೯೭ರಲ್ಲಿ ಅದು ಆಸ್ಟ್ರಿಯದ ಪಾಲಾಯಿತು. ನಡುವೆ ಕೆಲವು ವರ್ಷ ನೆಪೋಲಿಯನ್ನನ ವಶದಲ್ಲಿದ್ದು, ಮರಳಿ ಆಸ್ಟ್ರಿಯಕ್ಕೆ ಸೇರಿತು. ೧೯೨೦ರಲ್ಲಿ ಇಟಲಿ, ಎರಡನೆಯ ಮಹಾಯುದ್ಧವಾದ ಮೇಲೆ ಯುಗೋಸ್ಲಾವಿಯಾ, ೧೯೯೧ರಿಂದ ಈಚೆಗೆ ಕ್ರೊಯೇಷಿಯಾ. ೧೯೧೦ರಲ್ಲಿ ಅಲ್ಲಿ ಹುಟ್ಟಿ ಎಂಬತ್ತೆರಡು ವರ್ಷ ಬಾಳಿದವನೊಬ್ಬನು, ತನ್ನ ಮನೆಯ ಹೊಸ್ತಿಲನ್ನು ದಾಟದೆ, ನಾಲ್ಕು ರಾಜ್ಯಗಳ ಪ್ರಜೆಯಾಗಿರಬಹುದು.

ನಾವು ಕಾಲೇಜಿನಲ್ಲಿ ವಿದ್ಯಾರ್ಥಿಗಳಾಗಿದ್ದಾಗ ಈ ಬಗೆಯ ಪರದೇಶದ ಕಥೆಗಳನ್ನು ಇಂಗ್ಲೀಷ್ ಪುಸ್ತಕಗಳಿಂದ ಶ್ರದ್ಧೆಯಾಗಿ ಬರೆದುಕೊಂಡು, ಪರೀಕ್ಷೆಯಲ್ಲಿ ಒಪ್ಪಿಸಿ, ಒಳ್ಳೆಯ ಅಂಕಗಳನ್ನೂ ಪಡೆದೆವು. ಆ ದಿನಗಳಲ್ಲಿ ಗದಗಿನಿಂದ ಹೊಸಪೇಟೆಗೆ ರೈಲಿನಲ್ಲಿ ಹೋಗುತ್ತಿದ್ದಾಗ ಒಮ್ಮೆ, ಕೊಪ್ಪಳದ ನಿಲ್ದಾಣ ಸಮೀಪಿಸುತ್ತಿರಲು, ಎದುರಿಗೆ ಕುಳಿತಿದ್ದ ಮುದುಕರೊಬ್ಬರು ಕಿಟಕಿಯಾಚೆಯ ಬೆಟ್ಟವನ್ನು ತೋರಿಸಿ, “ತಮ್ಮಾ, ನೀ ಓದಿದಾಂವ ಅದೀ. ಈ ಕ್ವಾಟಿ ಯಾರದಪಾ?” ಎಂದು ಕೇಳಿದರು. ನಮ್ಮ ಬಾಯಿಂದ ಉತ್ತರ ಹೊರಡಲಿಲ್ಲ. ವೆನಿಸಿನ ಹಡಗುಗಳ ಲೆಕ್ಕ ನಮಗೆ ಗೊತ್ತಿತ್ತು. ಕಣ್ಣ ಮುಂದಿನ ಕೋಟೆಯ ಒಡೆಯನಾರೆಂಬುದು ಗೊತ್ತಿರಲಿಲ್ಲ. ಮುದುಕರು ನಮ್ಮನ್ನು ಹೆಚ್ಚು ನೋಯಿಸದೆ ಮಾತನ್ನು ಮಳೆಬೆಳೆಯ ಕಡೆಗೆ ತಿರುಗಿಸಿದರು. ಆ ದಿನ ತೀರಿಸಲಾರದೆ ಹೋದ ಸಾಲವನ್ನು ಈ ಉಪನ್ಯಾಸದಲ್ಲಿ ತೀರಿಸಲು ಯತ್ನಿಸುತ್ತೇವೆ.

ಮೊದಲು ನೆಲದ ಲಕ್ಷಣವನ್ನು ತಿಳಿಯಬೇಕು. ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಭೂಮಿಗೆ ಇತಿಹಾಸಕಾರರು ರಾಯಚೂರು ದೋಆಬು ಎಂದು ಹೆಸರಿಟ್ಟಿದ್ದಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ಸೀಮೆಗಳು ಈ ದೋಆಬಿನ ನೈರುತ್ಯದ ಭಾಗ. ಗಂಗಾವತಿಯ ಕಡೆ ನದಿಯ ನೀರೂ ಹೆಬ್ಬಂಡೆಗಳ ರಾಶಿಯೂ ಉಂಟು. ಯಲಬುರ್ಗಾ ಕುಷ್ಟಗಿಗಳ ಕಡೆ ಮಳೆಯನ್ನೇ ನಂಬಿದ ಬಯಲು ಹೊಲಗಳು. ಉತ್ತರದಿಂದ ಇಳಿದುಬರುವ ಸೇನೆಗೆ ನದಿಯನ್ನು ದಾಟುವ ಮುನ್ನ ಒಂದು ನೆಲೆ ಬೇಕು. ದಕ್ಷಿಣದಿಂದ ಏರಿಹೋಗುವ ಸೇನೆಗೆ ನದಿಯನ್ನು ದಾಟಿದ ಮೇಲೆ ಒಂದು ನೆಲೆ ಬೇಕು. ಆ ಎರಡಕ್ಕೂ ಒದಗುವ ಬೆಟ್ಟ ಕೊಪ್ಪಳದ್ದು. ಜಾದರಿಗೆ ಅದರ ಬಂದರು ಹೇಗೆ ಭಾಗ್ಯವೂ ದೌರ್ಭಾಗ್ಯವೂ ಆಯಿತೋ, ಕೊಪ್ಪಳಕ್ಕೆ ಅದರ ಬೆಟ್ಟ ಹಾಗೆಯೇ ಆಯಿತು.

ಈ ನಾಡಿನಲ್ಲಿ ಮನುಷ್ಯರ ಗುರುತು ರಾಜರ ಹೆಸರುಗಳಿಗಿಂತ ಹಿಂದಿನದು. ಗಂಗಾವತಿಗೆ ಸಮೀಪದ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ದೊಡ್ಡ ದೊಡ್ಡ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಹೊದಿಸಿ ಕಟ್ಟಿದ ಶಿಲಾಸಮಾಧಿಗಳು ನೂರಾರು ಇವೆ. ಜನರು ಅದನ್ನು ಮೋರ್ಯರ ಗುಡ್ಡವೆನ್ನುತ್ತಾರೆ. ಅಲ್ಲಿ ಮಲಗಿದವರು ಯಾವ ದೊರೆಗೆ ಕಪ್ಪವನ್ನು ಕೊಟ್ಟರೆಂದು ಹೇಳುವ ಅಕ್ಷರವಿಲ್ಲ; ಸತ್ತವರನ್ನು ಗೌರವದಿಂದ ಕಳುಹಿಸಿಕೊಡುತ್ತಿದ್ದರೆಂಬುದು ಮಾತ್ರ ಸ್ಪಷ್ಟ.

ಅಕ್ಷರ ಬಂದುದು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ, ಅಶೋಕನೊಡನೆ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ, ಅಲ್ಲಿಂದ ಕಾಣಿಸುವ ಪಲ್ಕಿಗುಂಡು ಎಂಬ ಬೆಟ್ಟದಲ್ಲಿಯೂ ಆತನ ಎರಡು ಶಾಸನಗಳಿವೆ. ಪಲ್ಕಿಗುಂಡಿನಲ್ಲಿ ಎರಡು ಬಂಡೆಗಳ ಮೇಲೆ ಒಂದು ಹಾಸುಬಂಡೆ ಪಲ್ಲಕ್ಕಿಯ ಮೇಲ್ಕಟ್ಟಿನಂತೆ ಕುಳಿತಿರುವುದರಿಂದ ಆ ಹೆಸರು. ಅಲ್ಲಿಯ ಬರಹ ಬಹಳವಾಗಿ ಸವೆದಿದೆ. ಗವಿಮಠದ್ದು ಚೆನ್ನಾಗಿ ಉಳಿದಿದೆ. ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಬಿಸಿಲಲ್ಲಿಯೇ ಇದ್ದ ಈ ಬರಹಗಳು ವಿದ್ವಾಂಸರ ಗಮನಕ್ಕೆ ಬಂದುದು ೧೯೩೧ರಲ್ಲಿ. ಅವುಗಳನ್ನು ಗುರುತಿಸಿದವರು ಕೊಪ್ಪಳದವರೇ ಆದ ಎನ್. ಬಿ. ಶಾಸ್ತ್ರಿಗಳು. ಮರುವರ್ಷ ಟರ್ನರ್ ಎಂಬ ವಿದ್ವಾಂಸರು ಹೈದರಾಬಾದು ಸಂಸ್ಥಾನದ ಪ್ರಾಚ್ಯಶೋಧನ ಗ್ರಂಥಮಾಲೆಯಲ್ಲಿ ಅವನ್ನು ಪ್ರಕಟಿಸಿದರು.

ಆ ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅದರಲ್ಲಿ ಅಶೋಕನು ಗೆದ್ದ ದೇಶಗಳ ಪಟ್ಟಿಯಿಲ್ಲ, ತೆರಿಗೆಯ ಮಾತಿಲ್ಲ. ತಾನು ಎರಡೂವರೆ ವರ್ಷಗಳಿಗೂ ಮೇಲ್ಪಟ್ಟು ಉಪಾಸಕನಾಗಿದ್ದರೂ ಮೊದಮೊದಲು ಸಾಕಷ್ಟು ಶ್ರಮಿಸಲಿಲ್ಲವೆಂದು ಆ ಚಕ್ರವರ್ತಿ ಒಪ್ಪಿಕೊಳ್ಳುತ್ತಾನೆ. ಧರ್ಮದ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಶ್ರಮಿಸಿದರೆ ಸಣ್ಣವರೂ ಅದನ್ನು ಪಡೆಯಬಲ್ಲರು ಎಂಬುದು ಅದರ ತಾತ್ಪರ್ಯ. ಇಂಥ ಮಾತನ್ನು ಸಾಮ್ರಾಜ್ಯದ ದಕ್ಷಿಣದ ಅಂಚಿನ ಜನರಿಗಾಗಿ ಬಂಡೆಯ ಮೇಲೆ ಕೊರೆಸಿದನೆಂಬುದನ್ನು ನಾವು ಮನಸ್ಸಿನಲ್ಲಿಡಬೇಕು. ಏಕೆಂದರೆ ಕೊಪ್ಪಳಕ್ಕೆ ಮುಂದೆ ಬಂದ ದೊರೆಗಳಲ್ಲಿ ಊರಿನವರೊಡನೆ ಹೀಗೆ ಮಾತಾಡಿದವರು ವಿರಳ.

ಅಶೋಕನಿಂದಾಚೆಗೆ ಕೆಲವು ಶತಮಾನಗಳನ್ನು ದಾಟಿದರೆ ನಮಗೆ ಎದುರಾಗುವುದು ಕೊಪಣ. ಇದು ಕೊಪ್ಪಳದ ಹಳೆಯ ಹೆಸರು. ಬಾದಾಮಿಯ ಚಾಳುಕ್ಯರು, ಮಾನ್ಯಖೇಟದ ರಾಷ್ಟ್ರಕೂಟರು, ಕಲ್ಯಾಣದ ಚಾಳುಕ್ಯರು ಒಬ್ಬರಾದ ಮೇಲೊಬ್ಬರು ಈ ಸೀಮೆಯನ್ನು ಆಳಿದರು. ಅಂಥ ದೊಡ್ಡ ವಂಶಗಳು ಬದಲಾಗುತ್ತಿದ್ದರೂ ಕೊಪಣದ ಕೀರ್ತಿ ಕುಂದಲಿಲ್ಲ. ಅದು ರಾಜಧಾನಿಯೆಂಬುದರಿಂದ ಬಂದ ಕೀರ್ತಿಯಲ್ಲ, ತೀರ್ಥವೆಂಬುದರಿಂದ ಬಂದುದು. ಜೈನರಿಗೆ ಶ್ರವಣಬೆಳಗೊಳದಷ್ಟೇ ಪೂಜ್ಯವಾದ ಬೆಟ್ಟ ಇದು. ಶಕ ೮೦೩ರ, ಎಂದರೆ ಕ್ರಿ.ಶ. ೮೮೧ರ, ಇಲ್ಲಿಯ ಶಾಸನವೊಂದು ಸರ್ವನಂದಿಯೆಂಬ ಮುನಿಯನ್ನು ಕುರಿತದ್ದು. ಆತನು ಊರಿನ ಜನರಿಗೆ ಧರ್ಮವನ್ನು ಬೋಧಿಸುತ್ತ, ತಪಸ್ಸಿನಲ್ಲಿದ್ದು, ಈ ಬೆಟ್ಟದಲ್ಲಿಯೇ ಸಮಾಧಿಮರಣವನ್ನು ಹೊಂದಿದನಂತೆ. ಪಲ್ಕಿಗುಂಡಿನ ಮೇಲೆ, ಅಶೋಕನ ಬರಹಕ್ಕೆ ಅನತಿದೂರದಲ್ಲಿ, ಎರಡು ಪಾದಗಳನ್ನು ಕಲ್ಲಿನಲ್ಲಿ ಬಿಡಿಸಿ ಕೆಳಗೆ ಹಳಗನ್ನಡದಲ್ಲಿ ಬರೆದಿದ್ದಾರೆ: ಅವು ಜಟಾಸಿಂಹನಂದಿ ಆಚಾರ್ಯರ ಪಾದಗಳು, ಅವನ್ನು ಮಾಡಿಸಿದವನು ಚಾವಯ್ಯ. ಸಂಸ್ಕೃತದಲ್ಲಿ ‘ವರಾಂಗಚರಿತ’ವೆಂಬ ಮಹಾಕಾವ್ಯವನ್ನು ಬರೆದ ಜಟಾಸಿಂಹನಂದಿ ಇವರೇ ಎಂದು ವಿದ್ವಾಂಸರ ಮತ. ಚಾವಯ್ಯನು ದೊರೆಯಲ್ಲ, ದಂಡನಾಯಕನೆಂದೂ ತನ್ನನ್ನು ಹೇಳಿಕೊಂಡಿಲ್ಲ. ಗುರುವಿನ ಮೇಲಣ ಭಕ್ತಿಯಿಂದ ಎರಡು ಹೆಜ್ಜೆಗಳನ್ನು ಕೊರೆಸಿದ ಅಷ್ಟೇ ಕೆಲಸಕ್ಕೆ ಆತನ ಹೆಸರು ಸಾವಿರ ವರ್ಷದ ಮಳೆಗಾಳಿಯನ್ನು ತಡೆದು ನಿಂತಿದೆ.

ಅದೇ ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂದು ಹೇಳಿ, ಆ ವಿಸ್ತಾರದೊಳಗೆ ಕನ್ನಡದ ತಿರುಳು ಯಾವುದೆಂಬುದನ್ನು ನಾಲ್ಕು ಊರುಗಳಿಂದ ಗುರುತಿಸುತ್ತದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬುವು ಆ ನಾಲ್ಕು ಊರುಗಳು. ಕಿಸುವೊಳಲು ಇಂದಿನ ಪಟ್ಟದಕಲ್ಲು, ಪುಲಿಗೆರೆ ಇಂದಿನ ಲಕ್ಷ್ಮೇಶ್ವರ, ಒಂಕುಂದ ಬೆಳಗಾವಿ ಸೀಮೆಯ ಒಕ್ಕುಂದ. ಇಂಗ್ಲೀಷಿನಲ್ಲಿ ಲಂಡನ್ ಆಕ್ಸ್‌ಫರ್ಡುಗಳ ನುಡಿಯನ್ನು ಮಾದರಿಯೆಂದು ಎತ್ತಿಕೊಳ್ಳುವ ಕಾಲ ಬರುವುದಕ್ಕೆ ಬಹುಮುಂಚೆಯೇ, ಕನ್ನಡಿಗರು ತಮ್ಮ ನುಡಿಯ ಮಾದರಿಗೆ ಕೊಪಣದ ಕಡೆ ನೋಡಿದರೆಂಬುದು ನಮಗೆ ಹೆಮ್ಮೆಯ ವಿಷಯ. ಇಂದು ಕೆಲವರು ಈ ಸೀಮೆಯ ಆಡುಮಾತನ್ನು ಒರಟೆಂದು ನಗುವುದುಂಟು. ಅವರು ನಗುತ್ತಿರುವುದು ತಿರುಳ್ಗನ್ನಡದ ಮನೆಯಂಗಳದಲ್ಲಿ ನಿಂತು ಎಂಬುದನ್ನು ತಿಳಿದರೆ ಸಾಕು.

ಕೊಪಣದ ಹೆಸರು ಎಷ್ಟು ದೂರ ಹಬ್ಬಿತ್ತೆಂಬುದಕ್ಕೆ ಹೊಯ್ಸಳರ ನಾಡಿನಿಂದ ಸಾಕ್ಷಿ ತರಬಹುದು. ವಿಷ್ಣುವರ್ಧನನ ಮಹಾಪ್ರಧಾನನಾದ ಗಂಗರಾಜನು ಹಾಳಾಗಿದ್ದ ಬಸದಿಗಳನ್ನೆಲ್ಲ ಜೀರ್ಣೋದ್ಧಾರ ಮಾಡಿಸಿ ಗಂಗವಾಡಿ ತೊಂಬತ್ತಾರು ಸಾವಿರವನ್ನು ಕೊಪಣದಂತೆ ಮಾಡಿದನೆಂದು ಶ್ರವಣಬೆಳಗೊಳದ ಶಾಸನವು ಹೊಗಳುತ್ತದೆ. ಒಂದು ದೇಶವನ್ನೇ ಹೊಗಳಬೇಕಾದಾಗ ಉಪಮಾನಕ್ಕೆ ನೆನಪಾದುದು ಈ ಊರು. ಒಂದನೆಯ ನರಸಿಂಹನ ದಂಡನಾಯಕ ಹುಳ್ಳನೂ ಕೊಪಣದ ಮುನಿಸಮುದಾಯಕ್ಕೆ ದಾನವನ್ನು ಮಾಡಿದನು.

ಆ ಕಾಲದಲ್ಲಿ ಸುತ್ತಲಿನ ಊರುಗಳೂ ಬಡವಾಗಿರಲಿಲ್ಲ. ಎರಂಬರಗೆ, ಎಂದರೆ ಯಲಬುರ್ಗಾ, ಕಲ್ಯಾಣದ ಚಾಳುಕ್ಯರ ಮಾಂಡಳಿಕರಾಗಿದ್ದ ಸಿಂದರ ರಾಜಧಾನಿ. ಅದರ ನೆರೆಯ ಇಟಗಿಯಲ್ಲಿ ೧೧೧೨ರಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಶಿವಾಲಯವನ್ನು ಕಟ್ಟಿಸಿದನು. ಶಾಸನವು ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಬಿರುದಾವಳಿಗಳಲ್ಲಿ ಉತ್ಪ್ರೇಕ್ಷೆ ಸಹಜ. ಆದರೆ ಇಟಗಿಯ ಕಂಬಗಳ ನುಣುಪನ್ನು ಕೈಮುಟ್ಟಿ ನೋಡಿದವರು ಈ ಬಿರುದನ್ನು ಉತ್ಪ್ರೇಕ್ಷೆಯೆನ್ನಲಾರರು.

ಇಲ್ಲಿಂದ ಮುಂದೆ ಕಥೆಯ ಧಾಟಿ ಬದಲಾಗುತ್ತದೆ. ತೀರ್ಥವು ಹಿಂದೆ ಸರಿದು ದುರ್ಗವು ಮುಂದೆ ಬರುತ್ತದೆ. ಹದಿನಾಲ್ಕನೆಯ ಶತಮಾನದ ಮೊದಲಲ್ಲಿ ಕಂಪಿಲರಾಯನೂ ಅವನ ಮಗ ಕುಮಾರರಾಮನೂ ಗಂಗಾವತಿಯ ಸೀಮೆಯ ಕುಮ್ಮಟದುರ್ಗದಲ್ಲಿ ನೆಲೆಸಿ, ೧೩೨೭ರ ಸುಮಾರಿಗೆ ಮಹಮ್ಮದ ಬಿನ್ ತುಘಲಖನ ಸೇನೆಗಳೊಡನೆ ಹೋರಾಡಿ ಮಡಿದರು. ಹತ್ತು ವರ್ಷಗಳೊಳಗೆ ಆನೆಗೊಂದಿಯ ಎದುರು ದಡದಲ್ಲಿ ವಿಜಯನಗರವು ತಲೆಯೆತ್ತಿತು. ಅಲ್ಲಿಂದ ೧೫೬೫ರವರೆಗೆ ದೋಆಬಿನ ಕಥೆಯೆಂದರೆ ವಿಜಯನಗರಕ್ಕೂ ಬಹಮನಿ ಸುಲ್ತಾನರಿಗೂ, ಬಳಿಕ ಬಿಜಾಪುರದ ಆದಿಲಶಾಹಿಗೂ ನಡೆದ ಎಳೆದಾಟದ ಕಥೆ. ಆ ವರ್ಷದ ಮಹಾಯುದ್ಧದ ತರುವಾಯ ಈ ಸೀಮೆ ಬಿಜಾಪುರಕ್ಕೆ ಸೇರಿತು. ೧೬೭೭ರಲ್ಲಿ ಯಲಬುರ್ಗಾದ ಬಯಲಿನಲ್ಲಿ ಶಿವಾಜಿಯ ಸರನೋಬತನಾದ ಹಂಬೀರರಾವ್ ಮೋಹಿತೆಯು ಬಿಜಾಪುರದ ಸರದಾರ ಹುಸೇನಖಾನ ಮಿಯಾನನನ್ನು ಸೋಲಿಸಿದನು. ಅನಂತರ ಕೊಪ್ಪಳದ ಕೋಟೆಯೂ ಮರಾಠರ ಕೈಸೇರಿತು. ಒಂಬತ್ತು ವರ್ಷಗಳಲ್ಲಿ ಬಿಜಾಪುರವೇ ಔರಂಗಜೇಬನ ಪಾಲಾಯಿತು.

ಇಷ್ಟು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿದುದಕ್ಕೆ ಕಾರಣವುಂಟು. ಈ ದೊರೆಗಳಿಗೆ ಕೊಪ್ಪಳವು ಒಂದು ಬೀಗದ ಕೈಯಾಗಿದ್ದಿತು. ಬೀಗದ ಕೈಯನ್ನು ಹಿಡಿದವರು ಬದಲಾದರು. ಅದರಿಂದ ತೆರೆದ ಬಾಗಿಲುಗಳು ಬೇರೆ ಕಡೆಗಳಲ್ಲಿದ್ದವು. ರೈಲಿನಲ್ಲಿ ನಮ್ಮ ಮುದುಕರು ಕೇಳಿದ ಕೋಟೆಯ ಈಗಿನ ರೂಪವಾದರೋ ಮುಂದಿನ ಶತಮಾನದ್ದು. ೧೭೮೬ರಲ್ಲಿ ಟೀಪೂ ಸುಲ್ತಾನನು ಪಾಳೆಯಗಾರನೊಬ್ಬನಿಂದ ಇದನ್ನು ಪಡೆದು, ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿ ಕಟ್ಟಿಸಿದನು. ಮೇಲೊಂದು ಕೋಟೆ, ಕೆಳಗೊಂದು ಕೋಟೆ. ಕಡಿದಾದ ಬಂಡೆಗಳನ್ನು ಗೋಡೆಯೊಡನೆ ಹೊಂದಿಸಿ, ಪ್ರಕೃತಿ ಎಲ್ಲಿ ಮುಗಿಯಿತು, ಗಾರೆಯವನ ಕೈ ಎಲ್ಲಿ ತೊಡಗಿತು ಎಂಬುದು ತಿಳಿಯದಂತೆ ಕಟ್ಟಿದ ಕೆಲಸ ಅದು.

ನಾಲ್ಕು ವರ್ಷಗಳಲ್ಲಿಯೇ ಅದರ ಪರೀಕ್ಷೆ ನಡೆಯಿತು. ೧೭೯೦ರಲ್ಲಿ ನಿಜಾಮನ ಸೇನೆಯೂ ಇಂಗ್ಲೀಷ್ ಕಂಪೆನಿಯ ಪಡೆಯೂ ಕೂಡಿ ಕೊಪ್ಪಳವನ್ನು ಮುತ್ತಿದವು. ಸುಮಾರು ಆರು ತಿಂಗಳ ಕಾಲ ಕೋಟೆ ಬಾಗಲಿಲ್ಲ. ೧೭೯೧ರ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆ ಕಾರ್ನವಾಲಿಸನ ಕೈಗೆ ಬಿತ್ತು. ಏಪ್ರಿಲಿನಲ್ಲಿ ಕೊಪ್ಪಳವೂ ಅದರ ನೆರೆಯ ಬಹದ್ದೂರಬಂಡಿಯೂ ಶರಣಾದವು. ಮುಂದೆ ಪ್ರಸಿದ್ಧನಾದ ಸರ್ ಜಾನ್ ಮಾಲ್ಕಮನು, ತಾನು ಹಿಂದೂಸ್ಥಾನದಲ್ಲಿ ಕಂಡ ಕೋಟೆಗಳಲ್ಲೆಲ್ಲ ಇದೇ ಬಲಿಷ್ಠವೆಂದು ಅಭಿಪ್ರಾಯಪಟ್ಟಿದ್ದಾನೆ. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಟೀಪುವಿನ ರಾಜ್ಯದ ಅರ್ಧವನ್ನು ಗೆದ್ದವರು ಹಂಚಿಕೊಂಡಾಗ ಕೊಪ್ಪಳವು ನಿಜಾಮನ ಪಾಲಿಗೆ ಬಂದಿತು. ಜಾದರನ್ನು ಅರಸನೊಬ್ಬ ಮಾರಿದಂತೆ, ಇಲ್ಲಿಯೂ ಊರು ಒಂದು ಕಾಗದದ ಮೇಲೆ ಕೈಬದಲಾಯಿತು. ಊರಿನವರ ಒಪ್ಪಿಗೆಯನ್ನು ಕೇಳಿದವರಿಲ್ಲ.

ಒಪ್ಪಿಗೆಯನ್ನು ಕೇಳದಿದ್ದಾಗ ಜನರು ಒಮ್ಮೊಮ್ಮೆ ತಾವಾಗಿಯೇ ಹೇಳಿದರು. ೧೮೧೯ರಲ್ಲಿ ವೀರಪ್ಪನೆಂಬವನು ಬಂಡೆದ್ದು ಕೋಟೆಯನ್ನು ಹಿಡಿದನು. ಕಂಪೆನಿಯ ಸೇನೆ ಬಂದು ಅದನ್ನು ಬಿಡಿಸಿಕೊಳ್ಳಬೇಕಾಯಿತು. ಮತ್ತೆ ೧೮೫೮ರಲ್ಲಿ ಮುಂಡರಗಿಯ ಭೀಮರಾಯನು ಎದ್ದನು. ಹಿಂದೆ ಕಂಪೆನಿ ಸರಕಾರದ ಅಧಿಕಾರಿಯಾಗಿದ್ದ ಈತನು ಹಮ್ಮಿಗಿಯ ಕೆಂಚನಗೌಡನೊಡಗೂಡಿ, ಡಂಬಳದ ಖಜಾನೆಯನ್ನು ಹೊಡೆದು, ತುಂಗಭದ್ರೆಯ ಸೀಮೆಯಿಂದ ಸರಿದು ಕೊಪ್ಪಳದ ಕೋಟೆಯನ್ನು ಸೇರಿದನು. ಅದೇ ವಾರದಲ್ಲಿ ನರಗುಂದದ ಬಾಬಾಸಾಹೇಬನೂ ಬಂಡೆದ್ದಿದ್ದನು. ಆದರೆ ಟೀಪುವಿನ ಕಾಲದಲ್ಲಿ ಆರು ತಿಂಗಳು ತಡೆದ ಗೋಡೆ ಈ ಸಲ ತಡೆಯಲಿಲ್ಲ. ಜೂನ್ ೧ರಂದು ಮೇಜರ್ ಹ್ಯೂಸನ ಪಡೆ ಕೋಟೆಯನ್ನು ನುಗ್ಗಿತು. ಭೀಮರಾಯನೂ ಕೆಂಚನಗೌಡನೂ ಹೋರಾಡುತ್ತ ಮಡಿದರು. ಕೋಟೆಯ ಬಲವು ಕಲ್ಲಿನಲ್ಲಿ ಮಾತ್ರವಿಲ್ಲ. ಒಳಗಿರುವವರ ಸಂಖ್ಯೆ, ಮದ್ದು, ಕಾಳು, ಹೊರಗಿನ ನೆರವು ಇವೆಲ್ಲ ಕೂಡಿದರೆ ಕೋಟೆ. ಅವಸರದಲ್ಲಿ ಕೋಟೆಯನ್ನು ಸೇರಿದ ಭೀಮರಾಯನಿಗೆ ಅವು ಒದಗಲಿಲ್ಲ.

ಅಲ್ಲಿಂದ ಮುಂದೆ ತೊಂಬತ್ತು ವರ್ಷ ಕೊಪ್ಪಳವು ಸದ್ದಿಲ್ಲದ ಊರು. ಕೊಪ್ಪಳ ಮತ್ತು ಯಲಬುರ್ಗಾಗಳು ಹೈದರಾಬಾದಿನ ದಿವಾನರ ವಂಶವಾದ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು. ಕುಷ್ಟಗಿ, ಗಂಗಾವತಿಗಳು ನೇರವಾಗಿ ನಿಜಾಮ ಸರಕಾರಕ್ಕೆ ಸೇರಿದ್ದವು. ಆನೆಗೊಂದಿಯಲ್ಲಿ ವಿಜಯನಗರದ ವಂಶಸ್ಥರೆನಿಸಿದ ಸಣ್ಣ ಸಂಸ್ಥಾನವೊಂದು ಉಳಿದಿದ್ದಿತು. ಪಶ್ಚಿಮಕ್ಕೆ ನಡೆದರೆ ಬೊಂಬಾಯಿ ಪ್ರಾಂತದ ಧಾರವಾಡ ಜಿಲ್ಲೆ, ಹೊಳೆ ದಾಟಿದರೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ಮಗಳನ್ನು ಹೊಸಪೇಟೆಗೆ ಕೊಟ್ಟು, ಸೊಸೆಯನ್ನು ಮುಂಡರಗಿಯಿಂದ ತಂದ ಕುಟುಂಬವು ಮೂರು ಸರಕಾರಗಳ ಕಾಯಿದೆಗಳಲ್ಲಿ ಹರಡಿಹೋಗುತ್ತಿತ್ತು. ಮಾತು ಮಾತ್ರ ಮೂರು ಕಡೆಗಳಲ್ಲಿಯೂ ಒಂದೇ.

ಆ ಮಾತಿನ ಅವಸ್ಥೆಯೇ ನಮ್ಮ ಉಪನ್ಯಾಸದ ಮುಖ್ಯ ವಿಷಯ. ಹೈದರಾಬಾದು ಸಂಸ್ಥಾನದಲ್ಲಿ ಕಚೇರಿಯ ಭಾಷೆ ಮೊದಲು ಪಾರಸಿ. ೧೮೮೦ರ ದಶಕದಿಂದ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಉಚ್ಚಶಿಕ್ಷಣವೂ ಉರ್ದುವಿನಲ್ಲಿ. ಭಾರತದ ಒಂದು ಭಾಷೆಯಲ್ಲಿ ವಿಜ್ಞಾನ, ನ್ಯಾಯಶಾಸ್ತ್ರಗಳನ್ನು ಕಲಿಸಲು ಹೊರಟ ಆ ಸಾಹಸವನ್ನು ನಾವು ಮೆಚ್ಚಲೇಬೇಕು. ಆದರೆ ಕೊಪ್ಪಳದ ಕನ್ನಡ ಬಾಲಕನಿಗೆ ಅದು ಕೂಡ ಕಲಿತುಕೊಳ್ಳಬೇಕಾದ ಮತ್ತೊಂದು ಭಾಷೆಯೇ. ತಿರುಳ್ಗನ್ನಡದ ಊರಿನ ರೈತನು ತನ್ನ ಹೊಲದ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾಗಿತ್ತು. ಓದಿ ಹೇಳುವವನ ಪ್ರಾಮಾಣಿಕತೆಯ ಮೇಲೆ ಅವನ ಹೊಲವು ನಿಂತಿತ್ತು.

ಹೀಗಿದ್ದರೂ ಕನ್ನಡವು ಸಾಯಲಿಲ್ಲ. ಅದನ್ನು ಉಳಿಸಿದವರು ಯಾರು? ಮಠಗಳಲ್ಲಿ ಪುರಾಣವನ್ನು ಹೇಳಿದವರು ಮತ್ತು ಕೇಳಿದವರು. ಗಾಂವಠಿ ಶಾಲೆಗಳ ಅಯ್ಯಗಳು. ಬೀಸುವ ಕಲ್ಲಿನ ಮುಂದೆ ಹಾಡಿದ ಹೆಂಗಸರು. ಬಯಲಾಟದ ವೇಷವನ್ನು ಕಟ್ಟಿದವರು. ಕಿನ್ನಾಳದ ಚಿತ್ರಗಾರರು ಮರದಲ್ಲಿ ದೇವತೆಗಳನ್ನೂ ಬೊಂಬೆಗಳನ್ನೂ ಮಾಡುತ್ತ, ತಮ್ಮ ಕಸುಬಿನ ಮಾತುಗಳನ್ನು ತಂದೆಯಿಂದ ಮಗನಿಗೆ ದಾಟಿಸಿದರು. ಜೈನ ಮುನಿಗಳು ತಪಸ್ಸು ಮಾಡಿದ ಗವಿಗಳ ಬೆಟ್ಟದಲ್ಲಿ ವೀರಶೈವರ ಗವಿಮಠವು ಬೆಳೆದು, ಇಂದಿಗೂ ಬಂದವರಿಗೆ ಅನ್ನವಿಕ್ಕುತ್ತಿದೆ. ಮತ ಬದಲಾದರೂ ಬೆಟ್ಟದ ಪಾವಿತ್ರ್ಯವನ್ನು ಜನರು ಬಿಟ್ಟುಕೊಡಲಿಲ್ಲ. ೧೯೩೪ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಸೇರಿದಾಗ, ಹೊಳೆಯಾಚೆಯ ಕನ್ನಡಿಗರೂ ಈಚೆಯ ಕನ್ನಡಿಗರೂ ಒಂದೇ ಚಪ್ಪರದಲ್ಲಿ ಕುಳಿತರು.

ಅನಂತರದ ಘಟನೆಗಳು ನಮ್ಮ ಹಿರಿಯರ ನೆನಪಿನಲ್ಲಿವೆ. ೧೯೪೭ರ ಆಗಸ್ಟಿನಲ್ಲಿ ದೇಶವು ಸ್ವತಂತ್ರವಾದರೂ ಹೈದರಾಬಾದು ಹೊರಗೇ ಉಳಿಯಿತು. ರಜಾಕಾರರ ಹಾವಳಿಗೆ ಅಂಜಿ ಹಳ್ಳಿಗರು ಗಡಿ ದಾಟಿದರು. ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳ ನೇತೃತ್ವದಲ್ಲಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ನೇತೃತ್ವದಲ್ಲಿ ಹೋರಾಟದ ಶಿಬಿರಗಳು ನಡೆದವು. ೧೯೪೮ರ ಸೆಪ್ಟೆಂಬರ್ ೧೭ರಂದು ನಿಜಾಮನ ಆಡಳಿತವು ಶರಣಾಯಿತು. ಮರುವರ್ಷ ಜಹಗೀರುಗಳು ರದ್ದಾದವು. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿಯಿತು. ಗಂಗಾವತಿಯ ಸೀಮೆ ಬತ್ತದ ಕಣಜವಾಯಿತು. ೧೯೫೬ರ ನವೆಂಬರ್ ೧ರಂದು ಈ ನಾಲ್ಕು ಸೀಮೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ೧೯೭೩ರಲ್ಲಿ ಆ ರಾಜ್ಯವು ಕರ್ನಾಟಕವಾಯಿತು. ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳವೇ ಒಂದು ಜಿಲ್ಲೆಯಾಯಿತು. ೧೯೪೦ರಲ್ಲಿ ಕೊಪ್ಪಳದಲ್ಲಿ ಹುಟ್ಟಿದವರು, ಜಾದರಿನ ಆ ಮುದುಕನಂತೆಯೇ, ಮನೆಯನ್ನು ಬಿಡದೆ ಜಹಗೀರು, ಹೈದರಾಬಾದು, ಮೈಸೂರು, ಕರ್ನಾಟಕಗಳನ್ನು ಕಂಡಿದ್ದಾರೆ. ಆದರೆ ಒಂದು ವ್ಯತ್ಯಾಸವುಂಟು. ಹಿಂದಿನ ಎಲ್ಲ ಬದಲಾವಣೆಗಳಲ್ಲಿ ಊರು ಗೆದ್ದವನ ಕಡೆಗೆ ಹೋಯಿತು. ೧೯೫೬ರಲ್ಲಿ ಮಾತ್ರ ತನ್ನ ಮಾತಿನ ಕಡೆಗೆ ಹೋಯಿತು. ೧೯೯೩ರಲ್ಲಿ ಕೊಪ್ಪಳದಲ್ಲಿ, ೨೦೧೧ರಲ್ಲಿ ಗಂಗಾವತಿಯಲ್ಲಿ ಸಾಹಿತ್ಯ ಸಮ್ಮೇಳನಗಳು ನಡೆದಾಗ, ಕವಿರಾಜಮಾರ್ಗದ ಊರಿಗೆ ಕನ್ನಡವು ಅತಿಥಿಯಾಗಿ ಬರಲಿಲ್ಲ, ತವರಿಗೆ ಬಂದಿತು.

ಸಂತೋಷದ ಈ ಮಾತಿನಲ್ಲಿ ನಮ್ಮ ಋಣವನ್ನು ಮರೆಯಬಾರದು. ಕೊಪಣದ ಭಕ್ತರು ಮಾಡಿಸಿದ ತೀರ್ಥಂಕರ ವಿಗ್ರಹಗಳಲ್ಲಿ ಕೆಲವು ಇಂದು ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳ ಮೇಲಣ ಬರಹ ಕನ್ನಡ. ಅವು ಅಲ್ಲಿ ಸುರಕ್ಷಿತವಾಗಿವೆ. ಇಲ್ಲಿಯೇ ಉಳಿದ ಕಲ್ಲುಗಳಿಗೆ ಆ ಭಾಗ್ಯ ಎಲ್ಲ ಕಡೆಯಲ್ಲಿಯೂ ಇಲ್ಲ. ಜಾದರಿನಲ್ಲಿ ರೋಮನರ ಗುಡಿಯ ಕಲ್ಲುಗಳನ್ನು ಅಡಿಪಾಯಕ್ಕೆ ಹಾಕಿ ಒಂಬತ್ತನೆಯ ಶತಮಾನದಲ್ಲಿ ಇಗರ್ಜಿಯನ್ನು ಕಟ್ಟಿದರು. ಇಂದು ಆ ಊರಿನವರು ಅಂಥ ಒಂದೊಂದು ಕಲ್ಲನ್ನೂ ಬಂದವರಿಗೆ ತೋರಿಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ಅಕ್ಷರವಿರುವ ಕಲ್ಲು ಬಟ್ಟೆ ಒಗೆಯುವ ಹಾಸಾಗಿರುವುದನ್ನು, ಸುಣ್ಣದಡಿಯಲ್ಲಿ ಮುಚ್ಚಿಹೋಗಿರುವುದನ್ನು, ಹೆಸರು ಕೆತ್ತುವವರ ಆಟಕ್ಕೆ ಒಳಗಾಗಿರುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಪಲ್ಕಿಗುಂಡಿನ ಶಾಸನವನ್ನು ಸವೆಸಿದುದು ಮಳೆ. ಮಳೆಯನ್ನು ದೂರಿ ಫಲವಿಲ್ಲ. ಮನುಷ್ಯರ ಕೈಯಿಂದಾಗುವ ಹಾನಿಗೆ ನಾವೇ ಹೊಣೆಗಾರರು.

ಆದುದರಿಂದ ಈ ಮಾತುಗಳನ್ನು ಕೇಳುತ್ತಿರುವವರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಊರಿನ ಕೆರೆಯ ಏರಿಯಲ್ಲಿ, ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ಅಕ್ಷರವಿರುವ ಕಲ್ಲೊಂದು ಕಂಡರೆ ಅದನ್ನು ಅಲುಗಿಸಬೇಡಿರಿ, ಅದಕ್ಕೆ ಬಣ್ಣ ಬಳಿಯಬೇಡಿರಿ. ಊರಿನ ಶಾಲೆಯ ಉಪಾಧ್ಯಾಯರಿಗೂ ಪುರಾತತ್ವ ಇಲಾಖೆಗೂ ತಿಳಿಸಿರಿ. ಓದುವುದಕ್ಕೆ ಬಾರದಿದ್ದರೆ ನಾಚಬೇಕಾದುದಿಲ್ಲ. ಗವಿಮಠದ ಬೆಟ್ಟವನ್ನು ಹತ್ತಿಳಿದ ತಲೆಮಾರುಗಳಿಗೂ ಆ ಅಕ್ಷರ ಓದಲು ಬರುತ್ತಿರಲಿಲ್ಲ. ಅದನ್ನು ಒಡೆಯದೆ ಬಿಟ್ಟರು, ಅದರಿಂದಲೇ ೧೯೩೧ರಲ್ಲಿ ಅದು ನಮಗೆ ದೊರಕಿತು.

ಆ ರೈಲಿನ ಮುದುಕರು ಮತ್ತೊಮ್ಮೆ ಎದುರಿಗೆ ಕುಳಿತು ಅದೇ ಪ್ರಶ್ನೆಯನ್ನು ಕೇಳಿದರೆ ಈಗ ನಾವು ತಡವರಿಸಲಾರೆವು. ಯಜಮಾನರೇ, ಕೋಟೆಯನ್ನು ಟೀಪೂ ಸುಲ್ತಾನನು ಕಟ್ಟಿಸಿದನು, ನಿಜಾಮನು ಪಡೆದನು, ಭೀಮರಾಯನು ಅದರಲ್ಲಿ ಮಡಿದನು; ಅವರಿಗಿಂತ ಹಿಂದೆ ಹಲವರಿದ್ದರು. ಆದರೆ ಕೋಟೆಯ ಬೆಟ್ಟದಿಂದ ಸ್ವಲ್ಪ ಆಚೆಗೆ ನೋಡಿರಿ. ಅಲ್ಲಿ ಸಣ್ಣವರೂ ಶ್ರಮಿಸಿ ದೊಡ್ಡದನ್ನು ಪಡೆಯಬಹುದೆಂದು ಚಕ್ರವರ್ತಿಯೊಬ್ಬ ಬರೆಸಿದ್ದಾನೆ. ಅದರ ಬಳಿಯಲ್ಲಿ ಚಾವಯ್ಯನೆಂಬವನು ತನ್ನ ಗುರುವಿನ ಪಾದಗಳನ್ನು ಕೊರೆಸಿದ್ದಾನೆ. ಚಾವಯ್ಯನು ಬರೆಸಿದುದು ನೀವು ಈಗ ಆಡಿದ ಮಾತಿನಲ್ಲಿಯೇ. ನಿಮ್ಮ ನಿಲ್ದಾಣ ಬಂದಿತು, ಇಳಿಯಿರಿ. ಸಂಜೆಯ ಬಿಸಿಲಿನಲ್ಲಿ ಅಕ್ಷರಗಳು ಚೆನ್ನಾಗಿ ಕಾಣಿಸುತ್ತವೆ, ಮೊಮ್ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿಬನ್ನಿರಿ.